ಹಾಲ್ಮಡುವಿನ ಒಂದು ಬೊಗಸೆ ನೀರು

ಬಹಳ ಹಿಂದೆ, ದೇವರನ್ನು ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಸಿರಿಹೊಳಲು ಎಂಬ ರಾಜ್ಯವಿತ್ತು. ಆ ರಾಜ್ಯದ ನಟ್ಟನಡುವೆ ಹಾಲ್ಮಡು ಎಂಬ ಸರೋವರವಿತ್ತು. ಈ ದಂಡೆಯಲ್ಲಿ ನಿಂತವರಿಗೆ ಆ ದಂಡೆ ಕಾಣುತ್ತಿರಲಿಲ್ಲ, ಅಷ್ಟು ಅಗಲ. ತಳದಲ್ಲಿ ಬಿದ್ದ ಸೂಜಿ ಮೇಲಿನಿಂದ ಕಾಣುತ್ತಿತ್ತು, ಅಷ್ಟು ತಿಳಿ. ಗಂಗೆತಾಯಿ ಆ ಮಡುವನ್ನು ನೋಡಿಕೊಳ್ಳಲು ಒಂದು ಮೀನಿಗೆ ಒಪ್ಪಿಸಿದ್ದಳು. ಆಳೆತ್ತರದ ಮೀನು. ಬೆನ್ನೆಲ್ಲ ಹೊಂಬಣ್ಣ, ಮೂಗಿಗೆ ಮುತ್ತಿನ ಮೂಗುತಿ. ಅದಕ್ಕೆ ಮಾತು ಬರುತ್ತಿತ್ತು. ಜನ ಅವಳನ್ನು ಮೂಗುತಿಯಮ್ಮ ಎಂದು ಕರೆದು, ಕಂಡಲ್ಲಿ ಕೈಮುಗಿಯುತ್ತಿದ್ದರು.

ಮಡುವಿನ ದಂಡೆಯಲ್ಲಿ ಬಲೆಯೂರು. ಅಲ್ಲಿದ್ದವರೆಲ್ಲ ಬೆಸ್ತರು. ಮೀನು ಹಿಡಿಯಲು ಅವರಿಗೆ ಮೂರು ಜಾಗಗಳಿದ್ದವು. ಹುಣಸೆಕಟ್ಟೆಯಲ್ಲಿ ಗೆಂಡೆ ಸಿಗುತ್ತಿತ್ತು. ಆನೆಕಲ್ಲಿನ ಹತ್ತಿರ ನೀರು ಆಳ, ಅಲ್ಲಿ ತೋಳುದ್ದದ ಬಾಳೆಮೀನು. ಅಜ್ಜಿಕೊಲ್ಲಿಯಲ್ಲಿ ನೀರು ಮೊಣಕಾಲುದ್ದ. ಕಣ್ಣು ಮಂಜಾದ ಮುದುಕಿಯರೂ ಅಲ್ಲಿ ಗಾಳ ಹಾಕಿ ಕೂತು, ಊರ ಸುದ್ದಿಯೆಲ್ಲ ಮುಗಿಸಿ, ಸಾರಿಗಾಗುವಷ್ಟು ಮೀನು ಸೆರಗಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು.

ಬಲೆಯೂರಿಗೆ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಬಲೆ ಬೀಸುವ ಮೊದಲು ಊರ ಹಿರಿಯ ಮಡುವಿನಿಂದ ಒಂದು ಬೊಗಸೆ ನೀರು ಎತ್ತಬೇಕು. "ನೀನು ಕುಡಿಯೋ ನೀರು ನಾನೂ ಕುಡೀತೀನಿ ತಾಯೀ" ಎಂದು ಮೂಗುತಿಯಮ್ಮನಿಗೆ ಹೇಳಿ ಅದನ್ನು ಕುಡಿಯಬೇಕು. ಕುಡಿಯಲಾಗದ ನೀರಿಗೆ ಬಲೆ ಇಳಿಸುವಂತಿಲ್ಲ. ರಾಜನಾದವನಿಗೂ ಈ ಕಟ್ಟಳೆ ತಪ್ಪಿದ್ದಲ್ಲ. ಪಟ್ಟಕ್ಕೇರುವ ದಿನ ಅವನು ಬಲೆಯೂರಿಗೆ ಬಂದು, ಹಿರಿಯನ ಬೊಗಸೆಗೆ ಬಾಯಿ ಹಚ್ಚಿ ಮಡುವಿನ ನೀರು ಕುಡಿದ ಮೇಲೆಯೇ ತಲೆಗೆ ಕಿರೀಟ. ಸುರಂಜನ ರಾಜನೂ ಹಾಗೆಯೇ ಕುಡಿದಿದ್ದ. ಕುಡಿಸಿದವನು ಹಿರಿಯ ಅಂಬಣ್ಣ.

ಅಂಬಣ್ಣನಿಗೆ ಒಬ್ಬಳೇ ಮಗಳು, ಹೊಳೆವ್ವ. ದೇವರು ಅವಳಿಗೆ ಎಲ್ಲವನ್ನೂ ಕೊಟ್ಟಿದ್ದ, ಸಿಟ್ಟನ್ನು ಮಾತ್ರ ಎರಡು ಪಾಲು ಕೊಟ್ಟಿದ್ದ. ಒಣಹಾಕಿದ ಬಲೆಯ ಮೇಲೆ ಬೂಟುಗಾಲಿಟ್ಟ ಸಿಪಾಯಿಯ ಕೆನ್ನೆಗೆ ಅವಳು ಬಾರಿಸಿದ ಏಟಿನ ಸದ್ದು ಆಚೆ ದಂಡೆಗೆ ಕೇಳಿತ್ತೆಂದು ಊರವರು ಹೇಳುತ್ತಿದ್ದರು.

"ಈ ಕೈ ಇಟ್ಕೊಂಡು ನಿನ್ನ ಯಾರೇ ಮದುವೆ ಆಗ್ತಾರೆ?" ಎಂದು ತಾಯಿ ಸಿದ್ದವ್ವ ಕೇಳಿದರೆ, "ಕೆನ್ನೆ ಗಟ್ಟಿ ಇರೋನು ಆಗ್ತಾನೆ ಬಿಡವ್ವ" ಎನ್ನುತ್ತಿದ್ದಳು.

ಹೀಗಿರುವಾಗ ರಾಜನ ಆಸ್ಥಾನಕ್ಕೆ ಕಜ್ಜಳ ಎಂಬ ಮಾಂತ್ರಿಕ ಬಂದ. ಅವನ ಹೆಗಲ ಮೇಲೊಂದು ಪಟ್ಟೆವಸ್ತ್ರ. ನೋಡುತ್ತ ನಿಂತರೆ ಅದರ ಬಣ್ಣ ನವಿಲಿನಿಂದ ದಾಳಿಂಬೆಗೆ, ದಾಳಿಂಬೆಯಿಂದ ಸಂಜೆಯ ಮುಗಿಲಿಗೆ ತಿರುಗುತ್ತಿತ್ತು. ಒಗೆದರೆ ಮಾಸದು, ಬಿಸಿಲಿಗೆ ಬಾಡದು. ರಾಜ ಒಳ್ಳೆಯವನೇ, ಆದರೆ ಚಂದ ಕಂಡರೆ ಮರುಳಾಗುವವನು.

"ಇಂಥ ಬಟ್ಟೆ ನಿಮ್ಮ ರಾಜ್ಯದಲ್ಲೇ ಮಾಡಿಸ್ತೇನೆ ಪ್ರಭು. ಮಡುವಿನ ದಂಡೆಯಲ್ಲಿ ಒಂದಿಷ್ಟು ಜಾಗ ಕೊಡಿ. ಮೀನು ನಾರುವ ಆ ದಂಡೆಯನ್ನೂ ಇಂದ್ರನ ಅಂಗಳ ಮಾಡಿ ತೋರಿಸ್ತೇನೆ" ಎಂದ ಕಜ್ಜಳ.

ರಾಜ ಜಾಗ ಕೊಟ್ಟ. ಕೊಡುವ ಮೊದಲು ಬಲೆಯೂರಿನ ಒಬ್ಬರನ್ನೂ ಕರೆದು ಕೇಳಲಿಲ್ಲ.

ಮೊದಲ ವರ್ಷ ಹುಣಸೆಕಟ್ಟೆಯ ಮರಗಳು ಉರುಳಿದವು, ಅಲ್ಲಿ ಹಾಲುಗಲ್ಲಿನ ಮೆಟ್ಟಿಲು ಬಂತು. ಎರಡನೆಯ ವರ್ಷ ಆನೆಕಲ್ಲು ಪುಡಿಯಾಯಿತು, ಅಲ್ಲಿ ಸ್ಫಟಿಕದ ಮಂಟಪ ಎದ್ದಿತು. ಮೂರನೆಯ ವರ್ಷ ಅಜ್ಜಿಕೊಲ್ಲಿಗೆ ಮಣ್ಣು ತುಂಬಿತು, ಅಲ್ಲಿ ಕಜ್ಜಳನ ಬಣ್ಣದ ಮನೆ ನಿಂತಿತು. ಅದರೊಳಗೆ ಹನ್ನೆರಡು ಕೊಪ್ಪರಿಗೆಗಳು ಕುದಿಯುತ್ತಿದ್ದವು. ಬಟ್ಟೆಗೆ ಹಿಡಿದ ಬಣ್ಣ ಅರಮನೆಗೆ ಹೋಯಿತು. ಹಿಡಿಯದೆ ಉಳಿದ ವಿಷ ಕಾಲುವೆ ಹಿಡಿದು ಮಡುವಿಗೆ ಹೋಯಿತು. ಕೆಸರುಗಾಲಿನವರು ಹಾಲುಗಲ್ಲು ತುಳಿಯಕೂಡದು, ಬಲೆ ಒಣಹಾಕಕೂಡದು ಎಂದು ಡಂಗುರ ಸಾರಿದರು. ಗಾಳದ ಮುದುಕಿಯರು ಮನೆಯ ಜಗಲಿಯಲ್ಲಿ ಕೈಕಟ್ಟಿ ಕೂತರು.

ಕಜ್ಜಳ ಜಾಣ. ಮಡುವಿನ ಮೇಲೆ ಒಂದು ಮಾಯೆ ಹಾಸಿದ್ದ. ದಂಡೆಯಿಂದ ನೋಡಿದರೆ ನೀರು ಆಕಾಶದಷ್ಟು ತಿಳಿ. ಗಾಳಿ ಬೀಸಿದರೆ ಸಂಪಿಗೆಯ ಘಮ. ಒಳಗೆ ಮಾತ್ರ ಕಾಡಿಗೆಯಂಥ ಕಪ್ಪು. ಅದು ನಾಲಿಗೆಗೆ ಮಾತ್ರ ತಿಳಿಯುತ್ತಿತ್ತು.

ಮೊದಲು ತಿಳಿದದ್ದು ಅಂಬಣ್ಣನಿಗೆ. ಒಂದು ಬೆಳಿಗ್ಗೆ ಬೊಗಸೆ ನೀರು ಕುಡಿದವನು ಹರಿಗೋಲಿನಲ್ಲೇ ಕುಸಿದು ಕೂತ. ಬಾಯೆಲ್ಲ ಕಹಿ, ಗಂಟಲೆಲ್ಲ ಉರಿ. ಅವನು ದೈವಭಕ್ತ. ಮೊದಲು ತನ್ನಲ್ಲೇ ತಪ್ಪು ಹುಡುಕಿದ.

"ನಮ್ಮಿಂದ ಏನೋ ಅಪಚಾರ ಆಗಿದೆ ಕಣ್ರಪ್ಪಾ. ತಾಯಿ ಮುನಿಸ್ಕೊಂಡಿದಾಳೆ" ಎಂದ.

ಊರಿಗೆ ಊರೇ ಉಪವಾಸ ಮಾಡಿತು. ಮಡುವಿಗೆ ಅರಿಶಿನ ಬಿಟ್ಟರು, ಸೀರೆ ಬಿಟ್ಟರು. ನೀರು ಇನ್ನಷ್ಟು ಕಹಿಯಾಯಿತು. ಆಗ ಹಿರಿಯರೆಲ್ಲ ಕೂತು ಒಂದು ಉಪಾಯ ಮಾಡಿದರು. ಕಟ್ಟಳೆ ತಪ್ಪಿಸಿದರೆ ತಾಯಿಗೆ ಕೋಪ, ಕುಡಿದರೆ ಹೊಟ್ಟೆಗೆ ಉರಿ. ಬಾವಿಯ ನೀರು ಒಂದು ಪುಟ್ಟ ಕುಡಿಕೆಯಲ್ಲಿ ಒಯ್ಯುವುದು, ಮಡುವಿನ ನಡುವೆ ಅದನ್ನೇ ಬೊಗಸೆಗೆ ಸುರಿದುಕೊಂಡು ಕುಡಿಯುವುದು. ದೂರದಿಂದ ನೋಡಿದವರಿಗೆ ಮಡುವಿನ ನೀರೇ.

ಅಯ್ಯೋ ದೇವರೇ, ಆ ಮುಗ್ಧರಿಗೆ ಏನು ಗೊತ್ತಿತ್ತು? ತಾಯಿಯ ಮುಂದೆ ಸುಳ್ಳು ಕುಡಿದರು. ತಪ್ಪು ಮಾಡಿದವನು ಸ್ಫಟಿಕದ ಮಂಟಪದಲ್ಲಿ ನಗುತ್ತಿದ್ದ. ತಪ್ಪು ಮಾಡದವರು ತಮ್ಮ ಕೆನ್ನೆಗೆ ತಾವೇ ಬಡಿದುಕೊಂಡು ಬಾಯಿ ಮುಚ್ಚಿಕೊಂಡರು.

ಆ ಕುಡಿಕೆಯನ್ನು ದಿನಾ ಬೆಳಿಗ್ಗೆ ತುಂಬಿ ಕೊಡುತ್ತಿದ್ದವಳು ಹೊಳೆವ್ವ. ಮೂರು ವರ್ಷ ತುಂಬಿದಳು. ಬಲೆಗಳು ಕಪ್ಪಾಗಿ ಕೊಳೆತು ಉದುರಿದವು. ಬಲೆ ಎಳೆಯುವವರ ಅಂಗೈಯಲ್ಲಿ ಹುಣ್ಣಾಯಿತು. ಬುಟ್ಟಿಗೆ ಬರುವ ಮೀನಿಗೆ ಕಣ್ಣೇ ಇರುತ್ತಿರಲಿಲ್ಲ. ಹೊಳೆವ್ವ ಹಲ್ಲು ಕಚ್ಚಿಕೊಂಡು ಕುಡಿಕೆ ತುಂಬಿದಳು.

ಆಮೇಲೊಂದು ಗುರುವಾರ ಡಂಗುರದವನು ಬಂದ. "ಕೇಳ್ರಪ್ಪೋ ಕೇಳಿ. ಮೂಗುತಿಯಮ್ಮ ಮೂರು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಒಡತಿ ಸತ್ತ ಮೇಲೆ ಮಡು ಯಾರದೂ ಅಲ್ಲ. ನಾಳೆ ಶುಕ್ರವಾರ ನಡುಹಗಲಿಗೆ ಕಜ್ಜಳಸ್ವಾಮಿಗಳು ಹಾಲ್ಮಡುವನ್ನು ಮುಚ್ಚಿ, ಅದರ ಮೇಲೆ ಬಣ್ಣದ ಪಟ್ಟಣ ಕಟ್ಟಲು ಕೈಹಾಕ್ತಾರೆ. ಬಲೆಯೂರಿನವರು ಗಂಟುಮೂಟೆ ಕಟ್ಟಬೇಕು. ಹಿರಿಯ ಅಂಬಣ್ಣ ನಾಳೆ ಮಂಟಪಕ್ಕೆ ಬಂದು ರಾಜರ ಶಾಲು ಸ್ವೀಕರಿಸಬೇಕು."

ಶುಕ್ರವಾರ ಬೆಳಿಗ್ಗೆ ಅಂಬಣ್ಣ ಮಡಿಪಂಚೆ ಉಟ್ಟು ಹೊರಟು ನಿಂತ.

"ಮಡು ಕಿತ್ಕೊಂಡು ಶಾಲು ಕೊಡ್ತಾರಂತೆ. ಹೊದ್ಕೊಂಡು ಬಾರಪ್ಪ, ಚಳಿಗಾಗುತ್ತೆ" ಎಂದಳು ಹೊಳೆವ್ವ.

"ರಾಜರು ಕರೆದಾಗ ಹೋಗದೆ ಇರಕ್ಕಾಗುತ್ತಾ ಮಗಾ. ಏನಾದ್ರೂ ಅಂದ್ರೆ ಇರೋ ಗುಡಿಸಲೂ ಹೋಗುತ್ತೆ. ಎಲ್ಲಾ ತಾಯಿ ಇಚ್ಛೆ." ಅಂಬಣ್ಣ ಅವಳ ಮುಖ ನೋಡದೆ ಮೆಟ್ಟಿಲಿಳಿದ.

ಕುಡಿಕೆ ಖಾಲಿ ಕೂತಿತ್ತು. ಹೊಳೆವ್ವ ಅದನ್ನೆತ್ತಿ ಬಾವಿಕಟ್ಟೆಗೆ ಅಪ್ಪಳಿಸಿದಳು. ಸಿದ್ದವ್ವ ಕೂಗುತ್ತಿದ್ದಂತೆ ಹರಿಗೋಲು ನೂಕಿ ಮಡುವಿನ ನಡುವಿಗೆ ಹುಟ್ಟು ಹಾಕಿದಳು. ಅಲ್ಲಿ ಕೈ ಇಳಿಸಿ ಒಂದು ಬೊಗಸೆ ನೀರು ಎತ್ತಿದಳು.

"ನೀನು ಕುಡಿಯೋ ನೀರು ನಾನೂ ಕುಡೀತೀನಿ ತಾಯೀ."

ಕುಡಿದಳು. ಕೆಂಡ ನುಂಗಿದ ಹಾಗಾಯಿತು. ಕಣ್ಣಲ್ಲಿ ನೀರು ಸುರಿಯುತ್ತಿರಲು ಹರಿಗೋಲಿನ ಅಂಚು ಹಿಡಿದು ಕೂಗಿದಳು: "ಅವ್ವಾ, ಇದನ್ನ ಕುಡ್ಕೊಂಡು ನೀನು ಹೆಂಗಿದೀಯೆ?"

ನೀರು ಸೀಳಿತು. ಮೂಗುತಿಯಮ್ಮ ಮೇಲೆ ಬಂದಳು. ಹೊಂಬಣ್ಣದ ಬೆನ್ನಿನಲ್ಲಿ ಪೊರೆ ಉದುರಿ ಕೆಂಪು ಮಾಂಸ ಕಾಣುತ್ತಿತ್ತು. ಮೂಗುತಿಯ ಮುತ್ತು ಇದ್ದಿಲಾಗಿತ್ತು.

"ಹಿಂಗಿದೀನಿ ಮಗಳೇ. ನನ್ನ ನೀರು ಕುಡಿದವರು ಕರೆದ್ರೆ ಮಾತ್ರ ನಾನು ಮೇಲೆ ಬರಬಲ್ಲೆ. ಮೂರು ವರ್ಷ ಆಯ್ತು, ಒಬ್ರೂ ಕುಡೀಲಿಲ್ಲ. ದಿನಾ ಬೆಳಿಗ್ಗೆ ನಿಮ್ಮಪ್ಪನ ಹರಿಗೋಲಿನ ಕೆಳಗೇ ಬಂದು ಕಾಯ್ತಿದ್ದೆ."

ಹೊಳೆವ್ವ ಬಿಕ್ಕಿದಳು. "ಆ ಕುಡಿಕೆ ತುಂಬಿದವಳು ನಾನೇ ಕಣವ್ವ."

"ಗೊತ್ತು. ಅಳೋಕೆ ಹೊತ್ತಿಲ್ಲ ಈಗ, ಕೇಳು. ರಾಜ ಈ ನೀರು ಕುಡಿದು, ಅದು ಹೆಂಗಿದೆಯೋ ಹಂಗೇ ಬಾಯಿಬಿಟ್ಟು ಹೇಳಿದ್ರೆ ಮಾಯೆ ಒಡೆಯುತ್ತೆ. ಆದ್ರೆ ಮಣ್ಣಿನ ಕುಡಿಕೆ, ಕಂಚಿನ ಬಟ್ಟಲು, ಮರದ ಮರಿಗೆ, ಇವೆಲ್ಲದರ ಮೇಲೂ ಆ ಕಜ್ಜಳ ಮಂತ್ರ ಊದಿದಾನೆ. ಅದರೊಳಗೆ ಸುರಿದ ಕೂಡ್ಲೇ ನೀರು ಪನ್ನೀರಾಗುತ್ತೆ. ಅವನು ಮರೆತಿರೋದು ಒಂದೇ, ಮನುಷ್ಯರ ಅಂಗೈ. ಈ ಕಾಲದಲ್ಲಿ ಅಂಗೈಯಿಂದ ಯಾರು ಕುಡೀತಾರೆ ಅಂದ್ಕೊಂಡ. ನೀನು ಬೊಗಸೆಯಲ್ಲೇ ಒಯ್ಯಬೇಕು. ದಾರೀಲಿ ಮೂರು ಕಡೆ ನಿನ್ನ ಕೈ ಬಿಡಿಸೋಕೆ ನೋಡ್ತಾರೆ. ಬಿಟ್ಟೆಯೋ, ನಾನು ಸತ್ತೆ, ಮಡುವೂ ಸತ್ತಿತು."

"ನನ್ನ ಕೈ ಸುಮ್ನಿರಲ್ಲ ತಾಯಿ. ನನಗೆ ಸಿಟ್ಟು ಜಾಸ್ತಿ."

"ನನಗೂ ಸಿಟ್ಟಿದೆ" ಎಂದಳು ಮೂಗುತಿಯಮ್ಮ. "ಸಿಟ್ಟು ಬಿಡು ಅಂತ ನಾನು ಹೇಳಲಿಲ್ಲ. ಚೆಲ್ಲಬೇಡ ಅಂದೆ. ಈ ನೀರಿನ ಜೊತೆ ಅದನ್ನೂ ಹೊತ್ಕೊಂಡು ಹೋಗು."

ಹೊಳೆವ್ವ ಬಾಗಿ ಬೊಗಸೆ ತುಂಬಿದಳು. ಮೂಗುತಿಯಮ್ಮ ಹುಣ್ಣಾದ ತಲೆಯಿಂದಲೇ ಹರಿಗೋಲನ್ನು ನೂಕಿ ಹಾಲುಗಲ್ಲಿನ ಮೆಟ್ಟಿಲಿಗೆ ಮುಟ್ಟಿಸಿದಳು. ಬೊಗಸೆಯ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಹೊಳೆವ್ವ ದಂಡೆಗೆ ಕಾಲಿಟ್ಟಳು.

ಮೆಟ್ಟಿಲ ಬಾಯಲ್ಲಿ ಒಂದು ಹಿತ್ತಾಳೆಯ ನಾಯಿ ಮಲಗಿತ್ತು. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಮೊರದಗಲ. ಕಲ್ಲಿನ ಮೇಲೆ ಬರಿಗಾಲು ಬಿದ್ದ ಸದ್ದು ಕೇಳಿದರೆ ಸಾಕು, ಎದ್ದು ಹಿಮ್ಮಡಿ ಕಚ್ಚುತ್ತಿತ್ತು. ಅದು ಕಚ್ಚಿದ ಮುದುಕಿಯರು ಬಲೆಯೂರಿನಲ್ಲಿ ಇನ್ನೂ ಕುಂಟುತ್ತಿದ್ದರು. ಹೊಳೆವ್ವ ಒಂದು ಹೆಜ್ಜೆ ಎತ್ತಿಟ್ಟಳು. ಟಪ್ ಎಂದಿತು. ನಾಯಿ ಹಾರಿ ಬಂದು ಹಿಮ್ಮಡಿಗೆ ಹಲ್ಲು ನೆಟ್ಟಿತು. ಪ್ರಾಣ ಹೋಗುವ ನೋವು. ಕೈ ತಾನಾಗಿ ನಾಯಿಯ ಕುತ್ತಿಗೆಗೆ ಹೋಗಬೇಕು, ಅಷ್ಟರಲ್ಲಿ ಹೊಳೆವ್ವ ಬೆರಳುಗಳನ್ನು ಬಿಗಿದಳು. "ಗಂಗೆತಾಯೀ" ಎಂದಳು, ಅಲ್ಲಾಡದೆ ನಿಂತಳು. ಹೆಜ್ಜೆಯ ಸದ್ದು ನಿಂತದ್ದಕ್ಕೆ ನಾಯಿ ಹಲ್ಲು ಸಡಿಲಿಸಿತು.

ಆಗ ಅವಳಿಗೆ ಅಜ್ಜಿಕೊಲ್ಲಿ ನೆನಪಾಯಿತು. ಅಲ್ಲಿನ ಕೆಸರಲ್ಲಿ ಮುಳ್ಳು ಚುಚ್ಚುವ ಚೇಳುಮೀನು ಅಡಗಿರುತ್ತಿತ್ತು. ತುಳಿಯದಿರಲೆಂದು ಬೆಸ್ತರ ಹೆಂಗಸರು ಕಾಲೆತ್ತಿ ನಡೆಯುತ್ತಿರಲಿಲ್ಲ, ತಳದ ಮೇಲೆ ಪಾದ ಜಾರಿಸಿಕೊಂಡು ಸಾಗುತ್ತಿದ್ದರು. ಹೊಳೆವ್ವ ಹಾಗೆಯೇ ಪಾದ ಜಾರಿಸಿದಳು. ಎಡಪಾದ, ಬಲಪಾದ, ಎಡಪಾದ. ಅವಳ ಹಿಂದೆ ಹಾಲುಗಲ್ಲಿನ ಮೇಲೆ ರಕ್ತದ್ದೊಂದು ಗೆರೆ ಬಂತು, ಸದ್ದು ಬರಲಿಲ್ಲ. ನಾಯಿ ಮೊರದ ಕಿವಿ ತಿರುಗಿಸಿ ತಿರುಗಿಸಿ ಕೊನೆಗೆ ಮಲಗಿತು.

ಮೆಟ್ಟಿಲು ಮುಗಿದಲ್ಲಿ ಚಿನ್ನದ ಕೊಕ್ಕರೆ ನಿಂತಿತ್ತು, ತಾಳೆಮರದಷ್ಟು ಎತ್ತರ.

"ಬಾ ತಂಗೀ. ಕೈ ಸೋತಿದೆ ಅಲ್ವಾ? ನಿನಗೊಂದು ಉಡುಗೊರೆ ಇಟ್ಟಿದೀನಿ" ಎಂದು ನಯವಾಗಿ ಹೇಳಿ, ತನ್ನ ಗಂಟಲ ಚೀಲದಿಂದ ಒಂದು ಗೆಂಡೆಮರಿಯನ್ನು ತೆಗೆದು ಗಾಳಿಗೆ ಎಸೆಯಿತು.

ಬೆಳ್ಳಗಿನ ಮರಿ. ಮೂರು ವರ್ಷದಿಂದ ಬಲೆಯೂರಿನವರು ಕಾಣದಂಥ, ಕಣ್ಣು ಪಿಳಿಪಿಳಿ ಎನ್ನುವ, ಜೀವಂತ ಮರಿ. ಹುಟ್ಟಿದಾಗಿನಿಂದ ಬುಟ್ಟಿಯಿಂದ ಜಿಗಿದ ಮೀನನ್ನು ಗಾಳಿಯಲ್ಲೇ ಹಿಡಿದ ಕೈ ಹೊಳೆವ್ವನದು. ಆದರೂ ಅವಳು ಹಿಡಿಯಲಿಲ್ಲ. ಮರಿ ಕಲ್ಲಿನ ಮೇಲೆ ಬಿದ್ದು ಪಟಪಟ ಒದ್ದಾಡಿತು, ಬಾಯಿ ಬಿಟ್ಟು ಮುಚ್ಚಿತು.

"ಸಾಯ್ತಿದೆ ತಂಗಿ, ಎತ್ಕೋ" ಎಂದಿತು ಕೊಕ್ಕರೆ. "ಎರಡು ಕೈ ಬೇಡ, ಒಂದೇ ಕೈ ಸಾಕು."

ಹೊಳೆವ್ವ ಮಂಡಿಯೂರಿದಳು. ಬೊಗಸೆಯನ್ನು ಕಲ್ಲಿಗೆ ತಾಗಿಸಿ, ಮರಿಯ ಮುಂದೆ ಸ್ವಲ್ಪವೇ ವಾಲಿಸಿದಳು. "ಬಾ ಕಂದಾ" ಎಂದಳು. ಮರಿ ಒಂದೇ ನೆಗೆತಕ್ಕೆ ಬೊಗಸೆಯೊಳಗೆ ಬಂತು. ಒಂದು ಸುತ್ತು ಈಜಿತು. ಇನ್ನೊಂದು ಸುತ್ತು ಈಜಿತು. ಆಮೇಲೆ ಹೊಟ್ಟೆ ಮೇಲೆ ಮಾಡಿ ತೇಲಿತು.

ಕಲ್ಲಿನ ಮೇಲೆ ಬದುಕಿತ್ತು, ಹಾಲ್ಮಡುವಿನ ನೀರಿಗೆ ಬಂದು ಸತ್ತಿತು. ನೀರಿಗೆ ಬಂದು ಮೀನು ಸತ್ತಿತು.

ಹೊಳೆವ್ವ ಎದ್ದು ನಿಂತಳು. ಅವಳ ಕಣ್ಣು ನೋಡಿ ಕೊಕ್ಕರೆ ಎರಡು ಹೆಜ್ಜೆ ಹಿಂದೆ ಸರಿಯಿತು. "ನಾನು ಬರೀ ಕಾವಲಿನವನು ತಂಗೀ" ಎಂದಿತು.

"ಗೊತ್ತು. ಎಲ್ಲರೂ ಬರೀ ಕಾವಲಿನವರೇ" ಎಂದು ಹೊಳೆವ್ವ ಅದರ ಕಾಲುಗಳ ನಡುವೆಯೇ ನಡೆದು ಹೋದಳು.

ಸ್ಫಟಿಕದ ಮಂಟಪದಲ್ಲಿ ಸುರಂಜನ ರಾಜ ಕೂತಿದ್ದ. ಹಿಂದೆ ರಾಣಿವಾಸದವರು. ಬಲಕ್ಕೆ ಕಜ್ಜಳ. ಎಡಕ್ಕೆ, ಹೆಗಲ ಮೇಲೆ ಹೊಸ ಶಾಲು ಹೊತ್ತು, ನೆಲ ನೋಡುತ್ತ ಅಂಬಣ್ಣ. ಸೂರ್ಯ ನೆತ್ತಿಗೆ ಬರಲು ಇನ್ನು ಮೂರು ಗೇಣು ಬಾಕಿ.

"ಯಾರಮ್ಮ ನೀನು? ಕಾಲಲ್ಲಿ ರಕ್ತ ಸೋರ್ತಿದೆ" ಎಂದ ರಾಜ.

"ಅಂಬಣ್ಣನ ಮಗಳು ಹೊಳೆವ್ವ, ದೊರೆ. ಮಡುವಿನ ನೀರು ತಂದಿದೀನಿ. ಮೂಗುತಿಯಮ್ಮ ಸತ್ತಿಲ್ಲ, ಅವಳೇ ಕಳಿಸಿದಾಳೆ. ನೀವು ಇದನ್ನ ಕುಡೀಬೇಕು."

ರಾಜ ಒಳ್ಳೆಯವನೆಂದೆನಲ್ಲ. "ಪಾಪ, ಕೈ ನೋಯ್ತಿರಬೇಕು. ಯಾರಲ್ಲಿ, ಚಿನ್ನದ ಬಟ್ಟಲು ತನ್ನಿ" ಎಂದ. ಬಟ್ಟಲು ಬಂತು. ಕಜ್ಜಳನ ಮೀಸೆಯಡಿ ನಗೆ ಮೂಡಿತು.

"ಬಟ್ಟಲು ಬೇಡ ದೊರೆ. ಪಟ್ಟದ ದಿನ ನಮ್ಮಪ್ಪನ ಬೊಗಸೆಯಿಂದ ಕುಡಿದ್ರಲ್ಲ, ಹಂಗೇ ಕುಡೀರಿ."

ಕಜ್ಜಳನ ನಗೆ ಅಳಿಸಿಹೋಯಿತು. ಅವನು ಎದ್ದು ಬಂದ.

"ಮೀನು ಕೊಯ್ಯೋ ಕೈ. ಅದರಲ್ಲೊಂದು ಸತ್ತ ಮೀನು. ಅದನ್ನು ಚಕ್ರವರ್ತಿಗಳು ನೆಕ್ಕಬೇಕಂತೆ. ಇವಳು ಕೆಸರಿಂದ ಎದ್ದವಳು ಪ್ರಭು, ಕೆಸರನ್ನೇ ಎರಚೋಕೆ ಬಂದಿದಾಳೆ. ಏನೇ, ನಿನ್ನ ಕೈ ಬಹಳ ಜೋರಂತೆ? ಹೊಡಿ ನೋಡೋಣ." ಅವನು ಬಾಗಿ ತನ್ನ ಕೆನ್ನೆಯನ್ನು ಅವಳ ಮುಂದೆ ಒಡ್ಡಿದ. "ಹೊಡೆಯೇ. ಇಷ್ಟು ಹತ್ತಿರ ಇನ್ಯಾವತ್ತೂ ಸಿಗಲ್ಲ."

ಹೊಳೆವ್ವನ ತೋಳಿನ ನರಗಳು ಬಲೆಹಗ್ಗದ ಹಾಗೆ ಉಬ್ಬಿದವು. ಬಿದ್ದ ಹುಣಸೆಮರಗಳು ಕಣ್ಣ ಮುಂದೆ ಬಂದವು. ಜಗಲಿಯಲ್ಲಿ ಕೈಕಟ್ಟಿ ಕೂತ ಮುದುಕಿಯರು ಬಂದರು. ಪೊರೆ ಉದುರಿದ ಹೊಂಬಣ್ಣದ ಬೆನ್ನು ಬಂತು. ಒಂದು ಏಟು, ಒಂದೇ ಒಂದು ಏಟು ಎಂದು ಇಡೀ ಮೈ ಬೇಡಿತು. ಅವಳು ಬೆರಳುಗಳನ್ನು ಇನ್ನೂ ಬಿಗಿದಳು. ಉಗುರು ಕಿತ್ತು ರಕ್ತ ಬಂತು, ನೀರು ಒಂದು ಹನಿ ಸೋರಲಿಲ್ಲ.

"ಆಮೇಲೆ ಹೊಡೀತೀನಿ. ಸ್ವಲ್ಪ ತಡಿ" ಎಂದಳು.

ಅವಮಾನಕ್ಕೆ ಕಜ್ಜಳನ ಮುಖ ಸಣ್ಣದಾಯಿತು. ಆದರೂ ಅವನ ಹತ್ತಿರ ಇನ್ನೊಂದು ಅಸ್ತ್ರವಿತ್ತು. "ಪ್ರಭು, ಜಗಳವೇಕೆ? ಇವಳಪ್ಪ ಇಲ್ಲೇ ಇದಾನೆ. ಊರ ಹಿರಿಯ. ದಿನಾ ಬೆಳಿಗ್ಗೆ ಮಡುವಿನ ನಡುವೆ ಬೊಗಸೆ ನೀರು ಕುಡೀತಾನೆ. ನಾನೇ ಈ ಮಂಟಪದಿಂದ ನೋಡ್ತಿದ್ದೆ. ನೀರು ಕೆಟ್ಟಿದ್ದರೆ ಮೂರು ವರ್ಷ ಕುಡೀತಿದ್ದನೇ?"

ರಾಜ ತಿರುಗಿದ. "ಹೌದಾ ಅಂಬಣ್ಣ?"

ಅಂಬಣ್ಣ ಶಾಲಿನ ಅಂಚು ಹಿಡಿದುಕೊಂಡ. ಹೌದೆಂದರೆ ಮಡು ಹೋಯಿತು. ಇಲ್ಲವೆಂದರೆ ಮೂರು ವರ್ಷ ದೇವರ ಮುಂದೆ ನಾಟಕವಾಡಿದ್ದು ಎಲ್ಲರೆದುರು ಬಯಲಾಗುತ್ತದೆ. "ಕಟ್ಟಳೆ... ಕಟ್ಟಳೆ ತಪ್ಪಿಸಿಲ್ಲ ಬುದ್ಧೀ. ದಿನಾ ಕುಡಿದಿದೀವಿ" ಎಂದ.

ಕಜ್ಜಳನ ಕೆನ್ನೆಯೆದುರು ತಡೆದ ಸಿಟ್ಟು ಏನೂ ಅಲ್ಲ. ಹೊಳೆವ್ವನಿಗೆ ಈಗ ಬಂದ ಸಿಟ್ಟಿಗೆ ಮಂಟಪ ತಿರುಗಿದ ಹಾಗಾಯಿತು. ಕೈ ಕೊಡವಿ ಎಲ್ಲ ಚೆಲ್ಲಿ ಹೊರಟುಬಿಡೋಣ ಎನ್ನಿಸಿತು. ಸಾಯಲಿ ಮಡು, ಸಾಯಲಿ ಬಲೆಯೂರು. ಆಗ ಬೊಗಸೆಯಲ್ಲಿ ತೇಲುತ್ತಿದ್ದ ಗೆಂಡೆಮರಿ ಅವಳ ಹೆಬ್ಬೆರಳಿಗೆ ತಾಗಿತು, ತಣ್ಣಗೆ.

ಅವಳು ತಂದೆಯ ಮುಂದೆ ಹೋಗಿ ನಿಂತಳು.

"ಅಪ್ಪಾ. ಬಾವಿ ನೀರು ತುಂಬಿ ಕೊಟ್ಟೋಳು ನಾನು. ನಿನ್ನ ತಪ್ಪಲ್ಲಿ ಅರ್ಧ ನನ್ನದು. ಇವತ್ತು ಕುಡಿಕೆ ಒಡೆದು ಹಾಕಿ ಬಂದಿದೀನಿ. ಇದು ಮಡುವಿನ ನೀರು. ದಿನಾ ಕುಡಿದಿದೀನಿ ಅಂದ್ಯಲ್ಲ, ಇವತ್ತೂ ಕುಡಿ."

ಅಂಬಣ್ಣ ಬೊಗಸೆಯೊಳಗೆ ನೋಡಿದ. ಕಣ್ಣಿಗೆ ತಿಳಿನೀರೇ. ಬೆಳ್ಳಗಿನ ಮರಿ. ಮಗಳ ಬೆರಳ ಸಂದಿಯಲ್ಲಿ ರಕ್ತ. ಮುದುಕನ ಕೈ ಮೆಲ್ಲಗೆ ಮೇಲೆದ್ದು, ಮರಿಯನ್ನು ಎರಡು ಬೆರಳಲ್ಲಿ ಎತ್ತಿತು. ಇನ್ನೊಂದು ಕೈ ಹೆಗಲ ಶಾಲನ್ನು ಎಳೆದು ನೆಲಕ್ಕೆ ಹಾಸಿತು. ರಾಜ ಹೊದಿಸಿದ ಜರಿಶಾಲಿನ ನಡುವೆ ಅವನು ಸತ್ತ ಮೀನನ್ನು ಮಲಗಿಸಿದ. ಆಮೇಲೆ ಬಾಗಿ, "ನೀನು ಕುಡಿಯೋ ನೀರು ನಾನೂ ಕುಡೀತೀನಿ ತಾಯೀ" ಎಂದು ಒಂದು ಗುಟುಕು ಕುಡಿದ.

ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. 

"ಸುಳ್ಳು ಹೇಳ್ದೆ ಬುದ್ಧೀ" ಎಂದ ಅಂಬಣ್ಣ. "ಮೂರು ವರ್ಷದಿಂದ ಬಾವಿ ನೀರು ಕುಡಿದು ಮಡುವಿನ ನೀರು ಅಂದೆ. ಪಾಪ ನಮ್ಮದು ಅಂದ್ಕೊಂಡಿದ್ದೆ. ನಮ್ಮದಲ್ಲ. ಇವನದು. ಇವನಿಗೆ ದಂಡೆ ಕೊಟ್ಟ ನಿಮ್ಮದೂ ಹೌದು. ನೋಡಿಯೂ ಬಾಯಿ ಮುಚ್ಕೊಂಡ ನನ್ನದೂ ಹೌದು. ನಿಮ್ಮ ಪಟ್ಟದ ದಿನ ನಾನು ಕೊಟ್ಟ ನೀರು ನೆನಪಿದ್ರೆ, ಇದನ್ನೂ ಕುಡಿದು ನೋಡಿ."

"ಬೇಡಿ ಪ್ರಭು, ಅದು ವಿಷ" ಎಂದು ಕಜ್ಜಳ ಕಿರುಚಿದ.

ರಾಜ ಅವನತ್ತ ತಿರುಗಿದ. "ಈಗ ತಾನೇ ನೀರು ಕೆಟ್ಟಿಲ್ಲ ಅಂದೆ."



ರಾಜ ಸಿಂಹಾಸನದಿಂದ ಇಳಿದ. ಕಿರೀಟ ತೆಗೆದು ಪಕ್ಕಕ್ಕಿಟ್ಟ. ಬೆಸ್ತರ ಹೆಣ್ಣುಮಗಳ ಮುಂದೆ ಬಾಗಿ, ರಕ್ತ ಸೋರುವ ಅವಳ ಬೊಗಸೆಗೆ ಬಾಯಿ ಹಚ್ಚಿ, ಉಳಿದದ್ದನ್ನೆಲ್ಲ ಕುಡಿದ. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು.

"ಕಹಿ" ಎಂದ. "ಕಹಿಯಾಗಿದೆ. ನನ್ನ ಜನ ಇದರಲ್ಲಿ ಬದುಕಿದಾರೆ."

ಅಷ್ಟೇ ಸಾಕಾಯಿತು. ಸಂಪಿಗೆಯ ಘಮ ಆರಿತು, ಮೂರು ವರ್ಷದ ನಾತ ಮಂಟಪಕ್ಕೆ ನುಗ್ಗಿತು. ಆಕಾಶದಂಥ ತಿಳಿ ಹರಿದು ಬಿತ್ತು, ಮಡು ತನ್ನ ನಿಜವಾದ ಕಪ್ಪಿನಲ್ಲಿ ಎಲ್ಲರಿಗೂ ಕಂಡಿತು. ರಾಣಿವಾಸದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಜ್ಜಳ ಓಡಲು ಹೊರಟ. ಹೊಳೆವ್ವನ ಎರಡು ಕೈಗಳೂ ಈಗ ಖಾಲಿಯಾಗಿದ್ದವು.

"ತಡಿ ಅಂದಿದ್ನಲ್ಲ" ಎಂದು ಒಂದು ಬಾರಿಸಿದಳು. ಆ ಸದ್ದು ಆಚೆ ದಂಡೆಗೆ ನಿಜವಾಗಿಯೂ ಕೇಳಿತು. ಏಟು ಬಿದ್ದಲ್ಲಿಂದ ಕಜ್ಜಳ ಮಸಿಯಾಗಿ ಉದುರತೊಡಗಿದ. ಮಡುವಿನ ಕಪ್ಪೆಲ್ಲ ನೂಲಿನಂತೆ ಎದ್ದು, ದಂಡೆ ಹತ್ತಿ, ಬಂದ ಕಾಲುವೆಯಲ್ಲೇ ಹಿಂದಕ್ಕೆ ಹರಿದು ಹನ್ನೆರಡು ಕೊಪ್ಪರಿಗೆಗಳಿಗೆ ತುಂಬಿತು. ಮಸಿಯಾದ ಕಜ್ಜಳನೂ ಅದರ ಜೊತೆ ಹೋದ. ಕೊಪ್ಪರಿಗೆಗಳ ಬಾಯಿ ತಾವಾಗಿ ಬೆಸೆದುಕೊಂಡವು, ಅವು ಮತ್ತೆ ತೆರೆಯಲಿಲ್ಲ. ಹಿತ್ತಾಳೆಯ ನಾಯಿ ಕರಗಿ, ಗುಡಿಯಲ್ಲಿ ಬಾರಿಸುವಂಥ ಒಂದು ಘಂಟೆಯಾಯಿತು. ಕೊಕ್ಕರೆಯ ಚಿನ್ನ ಉದುರಿತು, ಒಳಗಿದ್ದ ಬಡ ಬೆಳ್ಳಕ್ಕಿ ಹಾರಿ ಹೋಯಿತು.

ನೀರು ತಿಳಿಯಾದ ಮೇಲೆ ಮೂಗುತಿಯಮ್ಮ ಮೇಲೆ ಬಂದು ದಂಡೆಗೆ ಮುಖ ತೋರಿಸಿದಳು. ಬೆನ್ನಿನ ಗಾಯಕ್ಕೆ ಹೊಸ ಪೊರೆ ಬಂದಿತ್ತು. ಮುತ್ತು ಮತ್ತೆ ಬೆಳ್ಳಗಾಗಿತ್ತು. ಅಂಬಣ್ಣ ಕೆಸರಲ್ಲಿ ಉದ್ದಕ್ಕೆ ಬಿದ್ದು ನಮಸ್ಕರಿಸಿದ.

"ಏಳು ಅಂಬಣ್ಣ. ನಾಳೆ ಬೆಳಿಗ್ಗೆ ಬರ್ತೀಯಲ್ಲ?" ಎಂದಳು ತಾಯಿ.

"ಬರಿಗೈಲೇ ಬರ್ತೀನವ್ವ" ಎಂದ ಅಂಬಣ್ಣ.

ಹಾಲುಗಲ್ಲು ಕಿತ್ತು ಹಾಕಲು ಎಂಟು ತಿಂಗಳು ಹಿಡಿಯಿತು. ರಾಜನೂ ಬಂದು ಕಲ್ಲು ಹೊತ್ತ. ಸರಿಯಾಗಿ ಹೊರಲು ಬಾರದೆ ಹೊಳೆವ್ವನಿಂದ ಬೈಸಿಕೊಂಡ. ಹುಣಸೆಯ ಸಸಿ ನೆಟ್ಟರು. ಅಜ್ಜಿಕೊಲ್ಲಿಯ ಮಣ್ಣು ತೆಗೆದ ದಿನ ಮುದುಕಿಯರು ಗಾಳ ಹಿಡಿದು ಬಂದು, ಮೂರು ವರ್ಷದ ಸುದ್ದಿಯನ್ನೆಲ್ಲ ಒಂದೇ ಸಲಕ್ಕೆ ಶುರು ಮಾಡಿದರು. ಮುಂದೆ ಹೊಳೆವ್ವ ಬಲೆಯೂರಿನ ಹಿರಿಯಳಾದಳು. ಪಟ್ಟಕ್ಕೆ ಮಾತ್ರವಲ್ಲ, ಪ್ರತಿ ಹುಣ್ಣಿಮೆಯ ಬೆಳಿಗ್ಗೆ ರಾಜ ಬಂದು ಅವಳ ಬೊಗಸೆಯಿಂದ ನೀರು ಕುಡಿಯಬೇಕೆಂದು ಹೊಸ ಕಟ್ಟಳೆ ಮಾಡಿದಳು. ಕೆನ್ನೆ ಗಟ್ಟಿ ಇರುವವನೊಬ್ಬ ಸಿಕ್ಕಿ ಮದುವೆಯೂ ಆಯಿತೆಂದು ಹೇಳುತ್ತಾರೆ.

ಗಂಗೆತಾಯಿಯ ದಯೆಯಿಂದ ಎಲ್ಲರ ಬಲೆಯೂ ತುಂಬಿತು, ಎಲ್ಲರ ಹೊಟ್ಟೆಯೂ ತಣ್ಣಗಿತ್ತು. ಕತೆ ಕೇಳಿದ ನಿಮ್ಮ ಹೊಟ್ಟೆಯೂ ತಣ್ಣಗಿರಲಿ. ನಿಮ್ಮೂರ ನೀರಿನ ದಂಡೆಗೂ ಯಾರಾದರೂ ಹಾಲುಗಲ್ಲು ಹೊತ್ತು ತಂದಾರು. ಬೈಯಬೇಡಿ, ಕೂರಿಸಿ, ಅಲ್ಲಿಂದಲೇ ಒಂದು ಬೊಗಸೆ ಎತ್ತಿ ಅವರ ಬಾಯಿಗೆ ಹಿಡಿಯಿರಿ. ಅವರು ಕುಡಿಯುವ ತನಕ ಕೈ ಸಡಿಲಿಸಬೇಡಿ.